ತೂತು ಬಿದ್ದ ಪತ್ರಿ

ನಮ್ಮ ಹಿತ್ತಲಲ್ಲಿ ನೀರಿಗೂ ಎರಡು ಜಾತಿ ಇದ್ದವು. ಬಚ್ಚಲಿನಿಂದ ಇಳಿದು ಬರುವ ಸ್ನಾನದ ನೀರು ಮೇಲಿನದು, ಪಾತ್ರೆ ತಿಕ್ಕಿದ ಮುಸುರೆ ನೀರು ಕೆಳಗಿನದು. ಎರಡೂ ಬಂದದ್ದು ಒಂದೇ ನಲ್ಲಿಯಿಂದ. ಆದರೆ ಒಮ್ಮೆ ಬಳಸಿ ಚೆಲ್ಲಿದ ಮೇಲೆ ಒಂದು ಇನ್ನೊಂದನ್ನು ಮುಟ್ಟುವಂತಿರಲಿಲ್ಲ. ಹಾಗೆಂದು ತೀರ್ಪು ಕೊಟ್ಟವರು ಅಕ್ಕ.

ಅಕ್ಕ ಎಂದರೆ ನನ್ನ ಗಂಡನ ಅಕ್ಕ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ನಾನು ಮದುವೆಯಾಗಿ ಬಂದಾಗ ಅಡುಗೆಮನೆಯನ್ನು ನನಗೆ ಬಿಟ್ಟುಕೊಟ್ಟರು, ದೇವರ ಜಗಲಿಯನ್ನು ಬಿಡಲಿಲ್ಲ. ನಾನೂ ಕೇಳಲಿಲ್ಲ. ದೇವರಿಗೆ ಮೂರು ಹೊತ್ತು ಅಡುಗೆ ಮಾಡುವ ಕೆಲಸವಿರಲಿಲ್ಲವಾದ್ದರಿಂದ ಅವರ ಪಾಲಿಗೇ ಸುಲಭದ್ದು ಹೋಯಿತು ಎಂದು ಒಳಗೊಳಗೇ ಹೊಟ್ಟೆಕಿಚ್ಚು ಪಟ್ಟದ್ದು ನಿಜ.

ತೊಂಬತ್ತರ ದಶಕದ ಮೊದಲಲ್ಲಿ ನಾವು ಕೇಶ್ವಾಪುರದ ಮನೆಗೆ ಬಂದೆವು. ಹಿಂದೆ ನಾಲ್ಕು ಸೀರೆ ಒಣಹಾಕುವಷ್ಟು ಜಾಗವಿತ್ತು. ಎಲ್ಲ ಎರೆಮಣ್ಣು. ಬೇಸಿಗೆಯಲ್ಲಿ ಅದು ಬಾಯಿ ಬಿಟ್ಟರೆ ಬಿದ್ದದ್ದು ಮತ್ತೆ ಸಿಗುತ್ತಿರಲಿಲ್ಲ. ನನ್ನದೊಂದು ಸ್ಟೀಲಿನ ಚಮಚ ಇಂದಿಗೂ ಅಲ್ಲೇ ಎಲ್ಲೋ ಕೆಳಗಿದೆ.

"ಇಲ್ಲಿ ಫರಸಿ ಕಲ್ಲ ಹಾಕಿಸಿಬಿಡೂಣು," ಎಂದರು ಗಂಡ. "ಹಪ್ಪಳಾ ಒಣಗಸಾಕ ಛಲೋ ಆಕ್ಕೈತಿ."

"ಹಾಕಿಸ್ರಿ. ಹಪ್ಪಳದ ಜೋಡಿ ನನ್ನೂ ಒಣಗಸ್ರಿ."

ಅವರು ನಕ್ಕು ಫರಸಿಯ ಮಾತು ಬಿಟ್ಟರು. ನಗುವ ಮನುಷ್ಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದವರು ಅವರನ್ನು ಕೆಟ್ಟವರೆಂದು ತಿಳಿಯಬಾರದು. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಹುಬ್ಬಳ್ಳಿಯ ನಲ್ಲಿಯನ್ನು ನಂಬಿ ಯಾರೂ ತೋಟ ಮಾಡುವುದಿಲ್ಲ. ವಾರಕ್ಕೊಮ್ಮೆ ನೀರು ಬಂದರೆ ಪುಣ್ಯ, ಬೇಸಿಗೆಯಲ್ಲಿ ಆ ವಾರವೂ ಹಿಗ್ಗುತ್ತಿತ್ತು. "ನಳಾ ಬಂತು!" ಎಂದು ಓಣಿಯಲ್ಲಿ ಯಾರಾದರೂ ಕೂಗಿದರೆ ಉಣ್ಣುತ್ತಿದ್ದವರು ಎಂಜಲ ಕೈಯಲ್ಲೇ ಎದ್ದು ಕೊಡ ಹುಡುಕುತ್ತಿದ್ದರು. ಅಂಥ ಊರಿನಲ್ಲಿ ಗಿಡಕ್ಕೆ ಹೊಸ ನೀರು ಸುರಿದರೆ ಓಣಿಯ ಹೆಂಗಸರು ನನ್ನನ್ನು ಸುಮ್ಮನೆ ಬಿಡುತ್ತಿದ್ದರೇ? ಅದಕ್ಕೇ ನಾನು ಒಮ್ಮೆ ದುಡಿದ ನೀರಿಗೆ ಇನ್ನೊಂದು ಕೆಲಸ ಹಚ್ಚಿದೆ.

ಬಚ್ಚಲಿನ ನೀರು ಹೊರಬೀಳುವ ಕಡೆ ಗೇಣು ಆಳದ ಕಾಲುವೆ ತೋಡಿ, ಒಡೆದ ಹೆಂಚಿನ ಚೂರು, ಉಸುಕು, ತೆಂಗಿನ ನಾರು ತುಂಬಿದೆ. ಬಾಯಿಗೆ ಲಾವಂಚದ ಬುಡಗಳನ್ನು ಕೂರಿಸಿದೆ. ನೀರು ಅವುಗಳ ಬೇರಿನಲ್ಲಿ ಸೋಸಿಕೊಂಡು ಮುಂದೆ ಹೋಗುತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಕುಡಿಯುವ ನೀರು ತಂಪಾಗಿಟ್ಟು ಈಗ ಜಿನುಗತೊಡಗಿದ್ದ ಮಣ್ಣಿನ ಹರವಿಗಳನ್ನು ಗಿಡಗಳ ಮಗ್ಗುಲಲ್ಲಿ ಕುತ್ತಿಗೆಯವರೆಗೆ ಹೂಳಿದೆ. ಹರವಿಗೆ ನೀರು ತುಂಬಿ ಬಾಯಿಗೆ ಕಲ್ಲು ಮುಚ್ಚಿದರೆ ಅದು ಬೇರಿಗೆ ತೊಟ್ಟು ತೊಟ್ಟಾಗಿ ಉಣಿಸುತ್ತಿತ್ತು. ನೆಲ ಬಿರಿಯದಂತೆ ಮೇಲೆಲ್ಲ ಶೇಂಗಾ ಸಿಪ್ಪೆ ಹಾಸಿದೆ. ಸಾಬೂನಿನ ನೀರು ಗಿಡಕ್ಕೆ ಆಗದೆಂದು ಮೈಗೆ ಹಚ್ಚಲು ಎಲ್ಲರಿಗೂ ಕಡಲೆಹಿಟ್ಟು ಕೊಟ್ಟೆ.

"ಹಿಟ್ಟು ಹಚ್ಚೀದಿ, ಇನ್ನ ಎಣ್ಯಾಗ ಬಿಡೂದೊಂದು ಉಳದೈತಿ," ಎನ್ನುತ್ತಿದ್ದರು ಗಂಡ ಬಚ್ಚಲಿನೊಳಗಿಂದ. "ಭಜಿ ಆಗಿ ಬರ್ತೇನಿ ತಡಿ."

ಬಿಲ್ವದ ಗಿಡ, ಗೋರಂಟಿ, ನಂದಿಬಟ್ಟಲು, ತಾನಾಗಿ ಹುಟ್ಟಿದ ತುಂಬೆ, ಇವನ್ನೆಲ್ಲ ಬೆಳೆಸಿದೆ. ಆಗ ಎಲ್ಲರ ಮನೆಯ ಮುಂದೆಯೂ ಕುಂಡದಲ್ಲಿ ಕ್ರೋಟನ್ ಇಡುವ ಕಾಲ. ಬಂದವರು ನನ್ನ ತುಂಬೆ ನೋಡಿ, "ಇದೇನ್ರಿ, ಕಸಾ ಕಿತ್ತೇ ಇಲ್ಲಲ್ಲ?" ಎನ್ನುತ್ತಿದ್ದರು. "ಕಿತ್ತಿದ್ದೆ, ಮುನಿಸ್ಕೊಂಡು ತಿರುಗಿ ಬಂದೈತ್ರಿ," ಎನ್ನುತ್ತಿದ್ದೆ.

ಬಿಲ್ವ ಮೊದಲ ಬಾರಿ ತುಂಬ ಚಿಗುರಿದಾಗ ಅಕ್ಕ ಹಿತ್ತಲ ಬಾಗಿಲಲ್ಲಿ ಬಂದು ನಿಂತರು.

"ಬಚ್ಚಲ ನೀರು ಕುಡದ ಗಿಡದ ಪತ್ರಿ ದೇವರಿಗೆ ಹೆಂಗ ನಡೀತೈತಿ?"

"ಮಳಿ ನೀರು ಎಲ್ಲಿಂದ ಬರತೈತ್ರಿ ಅಕ್ಕಾರ? ಎಲ್ಲಾರ ಬಚ್ಚಲದಿಂದ ಮ್ಯಾಲ ಹೋಗಿದ್ದ ಅಲ್ಲೇನ್ರಿ?"

ಅವರು ಬೆಳಗೆಲ್ಲ ಯೋಚನೆ ಮಾಡಿದರು. ಊಟಕ್ಕೆ ಕೂತಾಗ ತೀರ್ಪು ಹೊರಬಿತ್ತು. "ಭೂಮಿತಾಯಿ ಒಳಗ ಇಳದ ಮ್ಯಾಲ ಅದು ಮಡಿ. ಆದ್ರ ಮುಸರಿ ನೀರು ಮಾತ್ರ ಆ ಕಡೆ ಹಾಯಬಾರ್ದು. ಎಂಜಲಾ ಕುಡದ ಪತ್ರಿ ನಾ ಏರಸಂಗಿಲ್ಲ."

ಹೀಗೆ ಎರಡು ಕಾಲುವೆಯಾದವು. ಬಚ್ಚಲಿನದು ಬಿಲ್ವಕ್ಕೆ, ಹೂವಿಗೆ. ಪಾತ್ರೆ ತಿಕ್ಕುವ ಕಲ್ಲಿನದು ಕರಿಬೇವಿಗೆ, ಕೆಸುವಿಗೆ, ಬದನೆಗೆ. ನಡುವೆ ಇಟ್ಟಿಗೆಯ ಗೋಡೆ, ಮೊಣಕಾಲಿಗೂ ಬಾರದಷ್ಟು. ನನಗೇನು, ನೀರು ವ್ಯರ್ಥವಾಗದಿದ್ದರೆ ಸಾಕಿತ್ತು.

ಒಂದೆರಡು ಮಳೆಗಾಲ ಕಳೆಯುವುದರೊಳಗೆ ನಾನು ಕರೆಯದ ನೆಂಟರು ಬರತೊಡಗಿದರು. ಹೆಂಚಿನ ಚೂರಿನ ತಂಪಿನಲ್ಲಿ ಕಪ್ಪೆಗಳು. ಗೋರಂಟಿಗೆ ಸೂರಕ್ಕಿ. ಬದನೆಯ ಎರಡೆಲೆ ಸೇರಿಸಿ ನಾರಿನಿಂದ ಹೊಲಿದು ಗೂಡು ಮಾಡುವ ಹೆಬ್ಬೆಟ್ಟಿನಷ್ಟು ಸಿಂಪಿಗ ಹಕ್ಕಿ. ಅದರ ಹೊಲಿಗೆಯನ್ನು ನಾನು ನನ್ನ ರವಿಕೆ ಹೊಲಿಯುವವನಿಗೆ ತೋರಿಸಬೇಕೆಂದಿದ್ದೆ. ಬಿಲ್ವಕ್ಕೆ ಹಳದಿ ಕಪ್ಪು ಬಣ್ಣದ ಪಾತರಗಿತ್ತಿ ಬಂದು ಮೊಟ್ಟೆ ಇಡುತ್ತಿತ್ತು. ಮರಿಹುಳ ಮೊದಲು ಹಕ್ಕಿಯ ಹಿಕ್ಕೆಯ ಹಾಗಿರುತ್ತದೆ, ಆಮೇಲೆ ಎಲೆಯಷ್ಟೇ ಹಸಿರಾಗಿ ಎಲೆಯನ್ನೇ ತಿನ್ನುತ್ತದೆ. ಅದರಲ್ಲಿ ಕೆಲವನ್ನು ಸಿಂಪಿಗ ಒಯ್ದು ತನ್ನ ಮರಿಗಳ ಬಾಯಿಗೆ ತುರುಕುತ್ತಿತ್ತು. ಮಗಳು ಮದುವೆಯಾಗಿ ಧಾರವಾಡಕ್ಕೆ ಹೋದ ಮೇಲೆ ಮನೆಯಲ್ಲಿ ಮಾತಿಗೆ ಮಾತು ಕೊಡುವವರು ಕಡಿಮೆಯಾಗಿದ್ದರು. ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಈ ಗದ್ದಲ ನೋಡುವುದು ನನ್ನ ಪಾಲಿನ ಹೊತ್ತು. ಆ ಮನೆಯಲ್ಲಿ ನನ್ನದು ಎಂದು ಇದ್ದದ್ದು ಅಷ್ಟೇ.

ಅಕ್ಕನಿಗೂ ಹುಳಕ್ಕೂ ಮಾತ್ರ ಆಗಿಬರುತ್ತಿರಲಿಲ್ಲ. ಪತ್ರಿಗೆ ಮೂರು ಎಲೆ ಕೂಡಿರಬೇಕು, ಒಂದರಲ್ಲೂ ತೂತು ಇರಬಾರದು. ತೂತು ಬಿದ್ದದ್ದು ಹುಳದ ಎಂಜಲು.

"ನಿನ್ನ ಹುಳಾ ನನ್ನ ದೇವರಗಿಂತಾ ಮೊದಲ ಉಣ್ತಾವ ನೋಡು."

"ಅವು ಲಗೂ ಏಳ್ತಾವ್ರಿ ಅಕ್ಕಾರ."

ಕೊನೆಗೆ ಒಪ್ಪಂದವಾಯಿತು. ಮೇಲಿನ ಕೊಂಬೆಗಳ ಹುಳಗಳನ್ನು ನಾನು ಕೆಳಗಿನ ಕೊಂಬೆಗೆ ದಾಟಿಸಬೇಕು. ಮೇಲಿನದು ದೇವರಿಗೆ, ಕೆಳಗಿನದು ಹುಳಕ್ಕೆ. ದಿನದ ಪೂಜೆಗೆ ಅಷ್ಟು ಸಾಕಾಗುತ್ತಿತ್ತು. ಹೀಗೇ ಇದ್ದರೆ ಎಲ್ಲರೂ ಬದುಕಬಹುದಿತ್ತು.

ಒಂದು ಆಷಾಢದಲ್ಲಿ ನನಗೆ ರಕ್ತ ಹೋಗುವುದು ನಿಲ್ಲಲಿಲ್ಲ. ವಿದ್ಯಾನಗರದ ಆಸ್ಪತ್ರೆಯಲ್ಲಿ ಗರ್ಭಚೀಲ ತೆಗೆದರು. ತೆಗೆದ ಮೇಲೆ ಜ್ವರ ಏರಿತು, ಇಳಿಯಲಿಲ್ಲ. ಡಾಕ್ಟರು ಗಂಡನನ್ನು ಹೊರಗೆ ಕರೆದು ಮಾತಾಡಿದರಂತೆ. ಏನು ಮಾತಾಡಿದರೆಂದು ಅವರು ಸಾಯುವವರೆಗೂ ನನಗೆ ಹೇಳಲಿಲ್ಲ. ಅವತ್ತು ಮನೆಗೆ ಹೋಗಿ, ಸ್ನಾನ ಮಾಡಿ, ಎಂದೂ ಹೊಗದ ದೇವರ ಕೋಣೆ ಹೊಕ್ಕು ಹರಕೆ ಹೊತ್ತರು. ಇವಳ ಜ್ವರ ಇಳಿದರೆ ಶ್ರಾವಣ ತಿಂಗಳಿಡೀ ದಿನಾ ಬುಟ್ಟಿ ತುಂಬ ಪತ್ರಿ ಏರಿಸುತ್ತೇನೆ, ಅದೂ ಅವಳೇ ಬೆಳೆಸಿದ ಗಿಡದ್ದು.

ಜ್ವರ ಇಳಿಯಿತು. ಆಷಾಢ ಮುಗಿಯಿತು. ನಾನು ಮನೆಗೆ ಬರುವಾಗ ಶ್ರಾವಣ ಅರ್ಧ ಕಳೆದಿತ್ತು.

ಅಕ್ಕ ಬಾಗಿಲಲ್ಲಿ ನಿಲ್ಲಿಸಿ ದೃಷ್ಟಿ ತೆಗೆದರು. ಅವರ ಕಣ್ಣಲ್ಲಿ ನೀರಿತ್ತು. ಖರೆಯ ನೀರು. ಒಳಗೆ ಕಾಲಿಟ್ಟ ಕೂಡಲೇ ನನಗೊಂದು ವಾಸನೆ ಬಡಿಯಿತು. ನನ್ನ ಗಂಡ ಗುಮಾಸ್ತರಾಗಿದ್ದದ್ದು ಹತ್ತಿಯ ಅಡತಿ ಅಂಗಡಿಯಲ್ಲಿ. ಹತ್ತಿ ಮಾರಲು ಬರುವ ರೈತರು ಅಲ್ಲಿ ಸಾಲಾಗಿ ಕೂತಿರುತ್ತಿದ್ದರು. ಊಟದ ಡಬ್ಬಿ ಕೊಡಲು ಹೋದಾಗ ಅವರ ಅಂಗಿಯಿಂದ ಬರುತ್ತಿದ್ದ ವಾಸನೆ ಅದು. ಅದು ನನ್ನ ಅಡುಗೆಮನೆಯಲ್ಲಿ ಯಾಕಿದೆ?

"ಬಾ, ನಿನ್ನ ಗಿಡಾ ನೋಡು ಬಾ," ಎಂದು ಗಂಡ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದರು. ಹಬ್ಬಕ್ಕೆ ಹೊಸ ಸೀರೆ ತಂದವರ ಮುಖ. "ಹೆಂಗ ಹೊಳಿಯಾಕತ್ತೈತಿ ನೋಡು. ಹುಡುಕಿದ್ರ ಒಂದ ತೂತು ಸಿಗಂಗಿಲ್ಲ!"

ಸಿಗಲಿಲ್ಲ. ಮೇಲಿನ ಕೊಂಬೆ, ಕೆಳಗಿನ ಕೊಂಬೆ, ಎಲ್ಲ ಎಲೆಯೂ ಇಡಿಯಾಗಿತ್ತು.

"ಏನ್ ಹೊಡದ್ರಿ ಇದಕ್ಕ?"

"ಹತ್ತಿ ಹುಳಕ್ಕ ಹೊಡಿಯೋ ಎಣ್ಣಿ. ಅಂಗಡಿಗೆ ಬರೋ ರೈತರ ಹಂತ್ಯಾಕ ಪಂಪ್ ಇಸಗೊಂಡು ಬಂದು ನಾನ ಹೊಡದೆ. ಬುಟ್ಟಿ ಪತ್ರಿ ಬೇಕಲ್ಲ ದಿನಾ. ಎಲ್ಲಾ ತೂತ ಇದ್ವು."

"ವಿಷದ ಪತ್ರಿ ದೇವರಿಗೆ ಏರಸಿದ್ರೇನು?"

ಹಿಂದಿನಿಂದ ಅಕ್ಕ ಉತ್ತರ ಕೊಟ್ಟರು. "ಹಂಗ ಏರಸ್ತೇವೇನ ಹುಚ್ಚಿ? ಬಚ್ಚಲದಾಗ ಕೊಡಗಟ್ಲೆ ನೀರು ಸುರದು ತೊಳದು ಏರಸೇವಿ. ನಳದ ಹೊಸಾ ನೀರು. ನಿನ್ನ ಸಲುವಾಗಿ ಕೈ ಹಿಡದಿಲ್ಲ ನೋಡು."

"ಬಚ್ಚಲದಾಗ?"

"ಮತ್ತ ಮುಸರಿ ಕಲ್ಲಿನ ಮ್ಯಾಲ ತೊಳೀಬೇಕಿತ್ತೇನು ದೇವರ ಪತ್ರಿ?"

ನಾನು ಬಚ್ಚಲಿನ ಕಾಲುವೆಯತ್ತ ನೋಡಿದೆ. ಹದಿನೈದು ದಿನ ಪತ್ರಿ ತೊಳೆದ ನೀರು ನಾನೇ ತೋಡಿದ ದಾರಿಯಲ್ಲಿ, ಒಂದು ಹನಿಯೂ ವ್ಯರ್ಥವಾಗದೆ, ನಾನು ಬಯಸಿದ ಜಾಗಕ್ಕೇ ಹೋಗಿತ್ತು. ಹೆಂಚಿನ ಚೂರುಗಳ ನಡುವೆ ಕಪ್ಪೆಗಳು ಹೊಟ್ಟೆ ಮೇಲೆ ಮಾಡಿ ಬಿದ್ದಿದ್ದವು. ಬಿಸಿಲಿಗೆ ತೊಗಲು ಕಡ್ಡಿಯಾಗಿತ್ತು. ಗೋರಂಟಿಯ ಮೊಗ್ಗು ಬಿರಿದಿದ್ದರೂ ಅದರ ಮೇಲೆ ಒಂದು ಇರುವೆಯೂ ಇರಲಿಲ್ಲ. ಎಣ್ಣೆಯ ಬಾಯಿಗೆ ಸಿಕ್ಕ ಹಿತ್ತಲು ಎಷ್ಟು ಸುಮ್ಮನಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಳಗೆ ಗಡಿಯಾರ ಓಡುವುದು ಹೊರಗೆ ಕೇಳುತ್ತಿತ್ತು.

ಬದನೆಯ ಗಿಡದಲ್ಲಿ ಹೊಲಿದ ಎಲೆ ತೂಗುತ್ತಿತ್ತು. ನನಗೆ ಬಗ್ಗಲು ಬರುತ್ತಿರಲಿಲ್ಲ, ಹೊಟ್ಟೆಯ ಹೊಲಿಗೆ ಎಳೆಯುತ್ತಿತ್ತು. "ಅದರಾಗ ಏನೈತಿ ನೋಡ್ರಿ," ಎಂದೆ. ಅವರು ಎಲೆ ಸರಿಸಿ ನೋಡಿದರು. ಮತ್ತೆ ಮೆಲ್ಲಗೆ ಮುಚ್ಚಿದರು. ಏನಿತ್ತು ಎಂದು ಹೇಳಲಿಲ್ಲ.

"ನನ್ನ ಒಂದ ಮಾತು ಕೇಳಬೇಕಿತ್ತಲ್ರಿ."

"ನಿನಗ ಖಬರ ಎಲ್ಲಿತ್ತು ಕೇಳಾಕ?" ಎಂದರು. ಆಮೇಲೆ ಬಲು ಸಣ್ಣ ದನಿಯಲ್ಲಿ, "ನೀ ಉಳದಿ ನೋಡು. ಅಷ್ಟ ಸಾಕು ನನಗ."

ಇದಕ್ಕೆ ಯಾವ ಹೆಂಗಸು ಏನು ಜಗಳ ತೆಗೆಯಬೇಕು, ಹೇಳಿ. ನನ್ನ ಉಸಿರಿಗಾಗಿ ಮಾಡಿದ್ದು. ಸಿಟ್ಟು ಬಂದರೆ ನಾನೇ ಕೃತಘ್ನಳು. ಅವತ್ತು ರಾತ್ರಿಯ ಗಂಜಿಯ ಜೊತೆ ಆ ಸಿಟ್ಟನ್ನು ನುಂಗಿದೆ. ಗಂಜಿ ಅರಗಿತು.

ಮುಂದೆ ಪ್ರತಿ ಶ್ರಾವಣಕ್ಕೂ ಮನೆಗೆ ಬಂದವರೆದುರು ಈ ಕತೆ ನಡೆಯುತ್ತಿತ್ತು. ಅಕ್ಕ ಶುರು ಮಾಡುವುದು, ಗಂಡ ಮುಗಿಸುವುದು. "ಪತ್ರಿ ಏರಿಸಿದ್ದಕ್ಕ ಉಳದಾಳ ಈಕಿ." ನಾನು ಚಹಾದ ತಟ್ಟೆ ಹಿಡಿದು ನಿಂತು ಉಳಿದವಳ ಹಾಗೆ ನಗಬೇಕು. ಡಾಕ್ಟರು ಚುಚ್ಚಿದ ಸೂಜಿಗಳ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. ಓಣಿಯ ಹೆಂಗಸರು ಬುಟ್ಟಿ ಹಿಡಿದು ಬಂದು, "ಎಷ್ಟ ಚಂದ ಪತ್ರಿ ಅದಾವ್ರಿ ನಿಮ್ಮ ಗಿಡದಾಗ, ಒಂದೂ ತೂತಿಲ್ಲ!" ಎಂದಾಗಲೆಲ್ಲ ನನಗೆ ಸ್ಮಶಾನವನ್ನು ಯಾರೋ ಎಷ್ಟು ಸ್ವಚ್ಛವಾಗಿದೆ ಎಂದು ಹೊಗಳಿದ ಹಾಗಾಗುತ್ತಿತ್ತು.

ಕಾಲುವೆಯ ಹೆಂಚು, ಉಸುಕು, ಲಾವಂಚ ಎಲ್ಲ ಕಿತ್ತು ದೂರ ಚೆಲ್ಲಿಸಿದೆ. ಮೇಲಿನ ಮಣ್ಣು ತೆಗೆಸಿ ಬೇರೆ ಮಣ್ಣು ತುಂಬಿಸಿದೆ. ಮತ್ತೆ ಹರವಿ ಹೂಳಿದೆ. ಉಳಿದದ್ದೇನಾದರೂ ಇದ್ದರೆ ಮುಸುರೆ ನೀರಿನ ಕಡೆ ಮಾತ್ರ. ಕೆಸುವಿನ ಬುಡದಲ್ಲಿ ಒಂದು ದಪ್ಪ ಕಪ್ಪೆ ಬದುಕಿಕೊಂಡಿತ್ತು. ಕೀಳು ಜಾತಿಯ ನೀರು ಕುಡಿದು ಉಳಿದುಕೊಂಡ ಅದನ್ನು ಕಂಡಾಗಲೆಲ್ಲ ನಾನು ಅಕ್ಕನ ಕಿವಿಗೆ ಬೀಳುವಂತೆ, "ಆರಾಮ ಇದ್ದೀರೇನ್ರಿ?" ಎಂದು ವಿಚಾರಿಸುತ್ತಿದ್ದೆ.

ಬಿಲ್ವದ ಎಲೆಯಲ್ಲಿ ಮತ್ತೆ ತೂತು ಕಾಣಲು ಬಹಳ ವರ್ಷ ಬೇಕಾಯಿತು. ಅಷ್ಟರಲ್ಲಿ ಎರಡು ಸಾವಿರ ಇಸವಿ ದಾಟಿತ್ತು. ಮೊದಲ ತೂತನ್ನು ನಾನು ಯಾರಿಗೂ ಹೇಳದೆ ಬಾಳಂತಿಯನ್ನು ಕಾಯುವ ಹಾಗೆ ಕಾಯ್ದೆ. ಒಂದಾದ ಮೇಲೆ ಇನ್ನೊಂದು ಹುಳವಾಯಿತು. ಸಿಂಪಿಗ ಬೇಲಿಯ ಮೇಲೆ ಬಂದು ಒದರಿ ಹೋಗುತ್ತಿತ್ತು. ಇನ್ನೂ ಗೂಡು ಕಟ್ಟಿರಲಿಲ್ಲ, ಜಾಗ ನೋಡುತ್ತಿತ್ತು.

ಆಗ ಗಂಡನ ಕಣ್ಣು ಹಳದಿಯಾದವು. ಆಮೇಲೆ ಮೈ. ಲಿವರಿನಲ್ಲಿ ಗಡ್ಡೆ ಇದೆ, ವಯಸ್ಸೂ ಆಗಿದೆ, ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದರು. ಹಿತ್ತಲ ಬಾಗಿಲ ಹತ್ತಿರ ಅವರ ಮಂಚ ಹಾಕಿದೆವು. ಶ್ರಾವಣ ಎದುರಿಗಿತ್ತು.

"ಪತ್ರಿ ಹರಕಿ ಹೊರು," ಎಂದರು ಅಕ್ಕ. "ಅವಾ ನಿನ್ನ ಉಳಿಸಿದ್ನಲ್ಲ, ಈಗ ನಿನ್ನ ಪಾಳಿ."

"ಹೊರ್ತೇನ್ರಿ."

"ಮತ್ತ ಆ ಗಿಡಕ್ಕ ಹುಳಾ ಬಿದ್ದಾವ. ಪಂಪ್ ತರಸು."

"ಅದೊಂದು ಬ್ಯಾಡ್ರಿ ಅಕ್ಕಾರ."

"ನನ್ನ ತಮ್ಮನಗಿಂತಾ ನಿನ್ನ ಹುಳಾ ಹೆಚ್ಚಾದ್ವೇನು?"

ಆ ಮಾತನ್ನು ಹೊತ್ತುಕೊಂಡೇ ಗಂಡನಿಗೆ ಮಧ್ಯಾಹ್ನದ ಗಂಜಿ ಕಾಸಿದೆ.

ಮಧ್ಯಾಹ್ನ ಅಕ್ಕ ಒರಗಿದಾಗ ನಾನು ಗಿಡದಿಂದ ಒಂದು ಪತ್ರಿ ಕಿತ್ತು ಮಂಚದ ಹತ್ತಿರ ಹೋದೆ. ಮೂರು ಎಲೆಯಲ್ಲಿ ನಡುವಿನದಕ್ಕೆ ಬಟಾಣಿಯಷ್ಟು ತೂತು. ಗಂಡ ಅದನ್ನು ಇಸಿದುಕೊಂಡು ಒಂದು ಕಣ್ಣು ಮುಚ್ಚಿ ತೂತಿನಿಂದ ನನ್ನನ್ನು ನೋಡಿದರು.

"ಇದರಾಗಿಂದ ನೀ ಸಣ್ಣಾಕಿ ಕಾಣ್ತಿ."

"ಎಣ್ಣಿ ಹೊಡಸ್ಲೇನ್ರಿ ಗಿಡಕ್ಕ?" ಎಂದೆ.

"ಹೊಡಸಿದ್ರ ನಾ ಉಳೀತೇನೇನು?"

"ಗೊತ್ತಿಲ್ರಿ."

"ಅವತ್ತ ನಾ ನಿನ್ನ ಕೇಳಲಿಲ್ಲಂತ ಇಷ್ಟ ವರ್ಷ ಮಾರಿ ಗಂಟ ಹಾಕ್ಕೊಂಡು ಅಡ್ಯಾಡಿದಿ. ನನಗೇನ ಕಾಣಲಿಲ್ಲಂತ ತಿಳಕೊಂಡೀ ಏನು? ಈಗ ನೀ ನನ್ನ ಕೇಳಾಕ ಬಂದಿ. ಭಾಳ ಶಾಣ್ಯಾಕಿ. ನಾ ಹೂಂ ಅಂದ್ರ ಗಿಡಾ ಹೋತು, ಊಂಹೂಂ ಅಂದ್ರ ನಾ ಹೋದೆ."

ಅವರು ಪತ್ರಿಯನ್ನು ಎದೆಯ ಮೇಲಿಟ್ಟುಕೊಂಡು ಹಿತ್ತಲಿನತ್ತ ಹೊರಳಿದರು.

"ಬ್ಯಾಡ ಬಿಡು," ಎಂದರು. "ಆ ಹಕ್ಕಿ ಹೊಲಿದ ಎಲಿ ಒಳಗ ನಾ ಕಂಡಿದ್ದು ಇನ್ನೊಮ್ಮಿ ನೋಡಾಕ ಆಗಂಗಿಲ್ಲ ನನಗ."

ಅಷ್ಟು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೊಂದೇ ಸಲ. ಕೇಳಿದವಳೂ ನಾನೊಬ್ಬಳೇ.

ಹರಕೆ ಬಿಡಲಿಲ್ಲ. ದಿನಾ ಬುಟ್ಟಿ ತುಂಬ ಪತ್ರಿ ಹರಿದು, ಹುಳ ಇದ್ದರೆ ಗಿಡಕ್ಕೇ ದಾಟಿಸಿ, ತೂತು ಇದ್ದದ್ದನ್ನೂ ಇಲ್ಲದ್ದನ್ನೂ ಒಂದೇ ಕ್ರಮದಲ್ಲಿ ಏರಿಸಿದೆ. ಅಕ್ಕ ಜಗಲಿಯನ್ನು ನನಗೆ ಬಿಟ್ಟು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಜೀವನದಲ್ಲಿ ಮೊದಲ ಸಲ ಜಗಲಿ ನನ್ನ ಕೈಗೆ ಬಂದದ್ದು ಹೀಗೆ. ಶ್ರಾವಣ ಮುಗಿಯುವ ಮೊದಲೇ ಗಂಡ ಹೋದರು.

ಮಾತಾಡಿಸಲು ಬಂದವರೆಲ್ಲರ ಮುಂದೆ ಅಕ್ಕ ಒಂದೇ ಮಾತು ಆಡಿದರು. "ಅವಾ ಇಡೀ ಪತ್ರಿ ಏರಿಸಿ ಈಕಿನ್ನ ಉಳಿಸಿದ. ಈಕಿ ತೂತಿನ ಪತ್ರಿ ಏರಿಸಿ ಅವನ್ನ ಕಳದ್ಲು."

"ಅವರ ಬ್ಯಾಡಂದ್ರು ಅಕ್ಕಾರ."

"ಹೂಂ, ಸತ್ತವರ ಬಾಯಾಗ ಮಾತು ಇಡು. ಅವರು ತಿರುಗಿ ಹೇಳಾಕ ಬರ್ತಾರೇನು?"

ಕೇಳಿದವರು ತಲೆ ತಗ್ಗಿಸಿದರು. ಲೆಕ್ಕ ಎಲ್ಲರಿಗೂ ಸರಿಯಾಗಿ ಕೂತಿತ್ತು. ಬುಟ್ಟಿ ಹಿಡಿದು ಬರುತ್ತಿದ್ದ ಓಣಿಯ ಹೆಂಗಸರು ಬರುವುದನ್ನು ಬಿಟ್ಟರು. ನನ್ನ ಗಿಡದ ಪತ್ರಿ ಯಾವ ದೇವರಿಗೂ ಬೇಡವಾಯಿತು. ಕೆಳಗಿನ ಕೊಂಬೆ ಮೇಲಿನ ಕೊಂಬೆ ಎಂಬ ಒಪ್ಪಂದ ಮುಗಿದು, ಇಡೀ ಗಿಡ ಹುಳಕ್ಕೆ ಸಿಕ್ಕಿತು. ಮುಂದಿನ ವರ್ಷ ಸಿಂಪಿಗ ಬದನೆಯ ಎಲೆ ಹೊಲಿಯಿತು. ಎಷ್ಟೋ ವರ್ಷ ಕಾದದ್ದು ಕಣ್ಣೆದುರಿಗಿತ್ತು. ಮಂಚ ಖಾಲಿಯಿತ್ತು. ತೋರಿಸುವುದು ಯಾರಿಗೆ?

ಅಕ್ಕ ಆಮೇಲೂ ನನ್ನ ಜೊತೆಗೇ ಇದ್ದರು. ಅವರಿಗೆ ನಾನು, ನನಗೆ ಅವರು, ಆ ಮನೆಯಲ್ಲಿ ಬೇರೆ ಯಾರಿದ್ದರು? ಬಿಸಿ ರೊಟ್ಟಿ ಮಾಡಿ ಹಾಕುತ್ತಿದ್ದೆ, ಮಾತಿಲ್ಲದೆ ಉಣ್ಣುತ್ತಿದ್ದರು. ಹಿತ್ತಲಲ್ಲಿ ಬಿಲ್ವ ಮರವಾಗಿ ನಿಂತಿದ್ದರೂ ಶ್ರಾವಣ ಬಂತೆಂದರೆ ಪ್ಯಾಟಿಗೆ ಹೋಗಿ ಪತ್ರಿ ಕೊಂಡು ತರುತ್ತಿದ್ದರು. ಒಂದು ತೂತೂ ಇಲ್ಲದ, ಹೊಳೆಹೊಳೆಯುವ ಪತ್ರಿ. ಸೆರಗಿನಲ್ಲಿ ಕಟ್ಟಿ ತಂದದ್ದನ್ನು ಬಿಚ್ಚಿದಾಗ ಆ ಎಣ್ಣೆಯ ವಾಸನೆ ಅಡುಗೆಮನೆಯವರೆಗೆ ಬರುತ್ತಿತ್ತು. ಅದನ್ನು ಬಚ್ಚಲಿಗೆ ಒಯ್ದು ಕೊಡಗಟ್ಟಲೆ ನೀರಿನಲ್ಲಿ ತೊಳೆಯುತ್ತಿದ್ದರು.

ಅವರು ಬಚ್ಚಲು ಹೊಕ್ಕ ಕೂಡಲೇ ನಾನು ಹಿಂದೆ ಹೋಗಿ ಕಾಲುವೆಯ ಬಾಯಿಗೆ ಎರಡು ಇಟ್ಟಿಗೆ ಅಡ್ಡ ಇಟ್ಟು, ನೀರನ್ನು ಸಂದಿಯಿಂದ ಓಣಿಯ ಗಟಾರಕ್ಕೆ ತಿರುಗಿಸುತ್ತಿದ್ದೆ. ಇಷ್ಟು ವರ್ಷ ಒಂದು ತಂಬಿಗೆ ನೀರು ಚೆಲ್ಲದವಳು, ಹುಬ್ಬಳ್ಳಿಯಂಥ ಊರಲ್ಲಿ, ನಲ್ಲಿಯ ಹೊಸ ನೀರು ಕೊಡಗಟ್ಟಲೆ ಬೀದಿ ಪಾಲಾಗುವುದನ್ನು ಸೊಂಟದ ಮೇಲೆ ಕೈ ಇಟ್ಟು ನೋಡುತ್ತ ನಿಲ್ಲುತ್ತಿದ್ದೆ.

ಒಂದು ದಿನ ಎದುರು ಮನೆಯ ಸೊಸೆ ಅದನ್ನು ನೋಡಿದಳು. ಅವರ ಮನೆಗೆ ಆ ವಾರ ನೀರು ಸಾಲದೆ ಹೋಗಿತ್ತು.

"ಏನ್ರಿ ಕಾಕು, ನೀವ ಹಿಂಗ ನೀರು ಗಟಾರಕ್ಕ ಬಿಟ್ರ ಹೆಂಗ್ರಿ? ಗಿಡಕ್ಕರ ಬಿಡಬಾರ್ದೇನ್ರಿ?"

"ಬ್ಯಾಡವಾ," ಎಂದೆ, ಒಳಗೆ ಕೇಳುವಷ್ಟು ಗಟ್ಟಿಯಾಗಿ. "ಇದು ದೇವರ ಪತ್ರಿ ತೊಳದ ನೀರು. ಗಿಡಕ್ಕ ಆಗಂಗಿಲ್ಲ."

ಬಚ್ಚಲಿನಲ್ಲಿ ಪತ್ರಿ ತೊಳೆಯುವ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.